ಸುಣ್ಣ ಕೇಳುವ ಹೊತ್ತು

ಚಟ ಬಿಡಿಸುವ ಕಾಳು ಗುಳೇದಗುಡ್ಡಕ್ಕೆ ಬಂದ ವರ್ಷ ಬಸ್ ನಿಲ್ದಾಣದ ಪಾನಂಗಡಿಯವನು ಗುಟ್ಕಾ ಚೀಟಿಗಳ ಸರ ಇಳಿಸಿ, ಆ ಜಾಗದಲ್ಲಿ ಬಾಳೆಗೊನೆ ತೂಗುಹಾಕಿದ. ಕಾಳು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಊರವರಿಗೆ ಅದಕ್ಕಿಂತ ದೊಡ್ಡ ಪುರಾವೆ ಬೇಕಿರಲಿಲ್ಲ. ವಿಜ್ಞಾನಿಗಳು ಇಟ್ಟ ಹೆಸರು ಮಾರುದ್ದ ಇತ್ತು, ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ. ಹೆಸರುಕಾಳಿನಷ್ಟಿದ್ದ ಆ ವಸ್ತುವನ್ನು ಕಿವಿಯ ಹಿಂದಿನ ಎಲುಬಿಗೆ ಅಂಟಿಸುತ್ತಿದ್ದರು, ಹಾಗಾಗಿ ಅದು ಎಲ್ಲರ ಬಾಯಲ್ಲೂ ಕಾಳಾಯಿತು. ಕೂದಲು ಇಳಿಬಿಟ್ಟರೆ ಕಾಣುತ್ತಲೂ ಇರಲಿಲ್ಲ.

ಅದರ ಕೆಲಸದ ರೀತಿ ಕೇಳುವುದಕ್ಕೆ ಸರಳ. ಮನುಷ್ಯ ಬೀಡಿಗೆ ಕೈ ಹಾಕುವ ಮೊದಲು, ತಟ್ಟೆಯಲ್ಲಿನ ಮೂರನೆಯ ಹೋಳಿಗೆಗೆ ಕೈ ಚಾಚುವ ಮೊದಲು, ಮೆದುಳಿನ ಆಳದಲ್ಲಿ ಒಂದು ಬಯಕೆ ಏಳುತ್ತದೆ. ಪ್ರತಿ ಬಯಕೆಯ ಮುಂದೆಯೂ ಒಂದು ಸುಳಿವು ಇರುತ್ತದೆ. ಚಹಾದ ವಾಸನೆ, ಬಸ್ಸು ನಿಂತ ಸದ್ದು, ಊಟದ ನಂತರದ ತೇಗು, ಯಾವುದಾದರೂ ಸರಿ. ಕಾಳು ಮೊದಲಿನ ಕೆಲವು ವಾರ ಸುಮ್ಮನೆ ನೋಡುತ್ತಿತ್ತು. ದವಡೆ ಆಡಿದ್ದನ್ನು ಗುರುತಿಸಿ, ಅದಕ್ಕೂ ಮುಂಚಿನ ಗಳಿಗೆಯಲ್ಲಿ ಮೆದುಳಿನಲ್ಲಿ ಯಾವ ಅಲೆ ಎದ್ದಿತ್ತೆಂದು ಹಿಂದಕ್ಕೆ ಹೋಗಿ ಹುಡುಕುತ್ತಿತ್ತು. ಕಲಿತಾದ ಮೇಲೆ ಆ ಅಲೆ ಏಳುತ್ತಲೇ ಕಿವಿಗೆ ಕೇಳಿಸದ ಒಂದು ನಾದವನ್ನು ಒಳಕ್ಕೆ ಕಳಿಸಿ ಬಯಕೆಯನ್ನು ತಣಿಸಿಬಿಡುತ್ತಿತ್ತು. ಹಲ್ಲು ಕಚ್ಚಿ ತಡೆದುಕೊಳ್ಳುವ ಪ್ರಮೇಯವೇ ಇಲ್ಲ. ಬೇಕು ಅನ್ನಿಸಿದರೆ ತಾನೆ ತಡೆಯುವ ಮಾತು.

ಈ ಕಾಳುಗಳ ಮೇಲೆ ಕಣ್ಣಿಡುವ ಕೇಂದ್ರ ಬಾಗಲಕೋಟೆಯಲ್ಲಿತ್ತು. ಅಲ್ಲಿನ ನಿಯಂತ್ರಣ ಕೋಣೆಯಲ್ಲಿ ನೀಲಾಂಬಿಕಾ ಕೆಲಸ ಮಾಡುತ್ತಿದ್ದಳು. ಗುಳೇದಗುಡ್ಡದ ನೇಕಾರರ ಓಣಿಯ ಸೊಸೆ, ಗಂಡ ಬಸಲಿಂಗ ಮನೆಯಲ್ಲೇ ಎರಡು ಮಗ್ಗ ಇಟ್ಟುಕೊಂಡು ಕುಪ್ಪಸದ ಖಣ ನೇಯುತ್ತಿದ್ದ. ಬೆಳಿಗ್ಗೆ ಬಸ್ಸು ಹತ್ತಿ ಹೋದರೆ ಗೋಡೆಯ ತುಂಬ ಹರಡಿದ ಪರದೆಯ ಮುಂದೆ ಕೂತು, ಸಾವಿರಾರು ಜನರ ನಿದ್ದೆ, ನಡಿಗೆ, ರಕ್ತದೊತ್ತಡ, ದವಡೆಯ ಆಟ ಎಲ್ಲವನ್ನೂ ಬಣ್ಣದ ಚುಕ್ಕೆಗಳಾಗಿ ನೋಡುವುದು ಅವಳ ನೌಕರಿ. ಚುಕ್ಕೆ ಹಸಿರಿದ್ದರೆ ಆ ಮನುಷ್ಯ ನೆಟ್ಟಗಿದ್ದಾನೆ ಎಂದು ಅರ್ಥ. ಕೆಂಪಾದರೆ ಫೋನು ಮಾಡಿ ವಿಚಾರಿಸಬೇಕು.

ಆ ಚುಕ್ಕೆಗಳಲ್ಲಿ ಒಂದು ಅವಳ ಅತ್ತೆ ಕಾಶವ್ವನದು. ಹಾಕಿಸಿದವಳೂ ನೀಲಾಳೇ. ಕಾಶವ್ವನ ಎಡಗೆನ್ನೆಯ ಒಳಗೆ ಒಂದು ಬಿಳಿ ಮಚ್ಚೆ ಕಾಣಿಸಿತ್ತು. ಡಾಕ್ಟರು ದೀಪ ಹಿಡಿದು ನೋಡಿ, ಇದು ಇನ್ನೂ ಕ್ಯಾನ್ಸರ್ ಅಲ್ಲ, ಆದರೆ ತಂಬಾಕು ಬಿಡದಿದ್ದರೆ ಆಗುತ್ತದೆ, ಒಂದು ಎಸಳೂ ಬಾಯಿಗೆ ಬೀಳಕೂಡದು ಎಂದು ಮುಲಾಜಿಲ್ಲದೆ ಹೇಳಿದ್ದರು. ಕಾಶವ್ವ ಮನೆಗೆ ಬಂದವಳು ನಗುತ್ತಲೇ ಅದನ್ನು ಗಂಡನ ಫೋಟೋಕ್ಕೆ ವರದಿ ಮಾಡಿದ್ದಳು. ಅಂಥವಳನ್ನು ಒಪ್ಪಿಸಿ, ರಮಿಸಿ, ಮೊಮ್ಮಕ್ಕಳ ಮದುವೆಯ ಆಸೆ ತೋರಿಸಿ ಕೇಂದ್ರಕ್ಕೆ ಕರೆದೊಯ್ಯಬೇಕಾದರೆ ನೀಲಾಳ ಬಾಯಿಯ ಪಸೆಯೆಲ್ಲ ಆರಿಹೋಗಿತ್ತು.

ಕಾಳು ತನ್ನ ಮಾತು ಉಳಿಸಿಕೊಂಡಿತು. ಕಲಿಕೆಯ ವಾರಗಳು ಮುಗಿದ ದಿನದಿಂದ ಕಾಶವ್ವ ತಂಬಾಕು ಮುಟ್ಟಲಿಲ್ಲ. ಮಚ್ಚೆ ಮಸುಕಾಯಿತು, ಆಮೇಲೆ ಹುಡುಕಿದರೂ ಸಿಗದಂತಾಯಿತು. ಡಾಕ್ಟರು ಬೆನ್ನು ತಟ್ಟಿದರು, ಬಸಲಿಂಗ ಓಣಿಗೆಲ್ಲ ಪೇಢೆ ಹಂಚಿದ. ನೀಲಾ ತನ್ನ ನೌಕರಿಯ ಬಗ್ಗೆ ಅಷ್ಟು ಹೆಮ್ಮೆಪಟ್ಟದ್ದು ಅದೇ ಮೊದಲು.

ಏನೋ ಎಡವಟ್ಟಾಗಿದೆ ಎಂದು ಅವಳಿಗೆ ಅನುಮಾನ ಹುಟ್ಟಿಸಿದ್ದು ಉಪ್ಪು. ಒಂದು ಭಾನುವಾರ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು. ಮೊದಲ ತುತ್ತಿಗೇ ಬಸಲಿಂಗ ಮುಖ ಕಿವುಚಿದ. ಕಾಶವ್ವ ಮಾತ್ರ ರೊಟ್ಟಿ ಮುರಿದು, ಅದ್ದಿ, ತಿಂದು, ಕೈ ತೊಳೆದಳು. ಸೊಸೆಯ ಅಡುಗೆಯಲ್ಲಿ ಕೊಂಕು ಹುಡುಕುವುದನ್ನು ವ್ರತದಂತೆ ನಡೆಸಿಕೊಂಡು ಬಂದ ಹೆಂಗಸು ಆಕೆ.

"ಅತ್ತಿ, ಸಾರಿಗೆ ಉಪ್ಪ ಹಾಕಿಲ್ಲ," ಅಂದಳು ನೀಲಾ.

"ಹೌದನು," ಅಂದಳು ಕಾಶವ್ವ. "ಇರಲಿ ಬಿಡವ್ವ."

ಅವತ್ತಿನಿಂದ ನೀಲಾ ಅತ್ತೆಯನ್ನು ಕಣ್ಣಿಟ್ಟು ನೋಡತೊಡಗಿದಳು. ಕಾಶವ್ವ ಹೇಳಿದ ಹೊತ್ತಿಗೆ ಏಳುತ್ತಿದ್ದಳು, ಹೇಳಿದಷ್ಟು ನಡೆಯುತ್ತಿದ್ದಳು, ಬಡಿಸಿದಷ್ಟು ತಿಂದು ಹೇಳಿದ ಹೊತ್ತಿಗೆ ಮಲಗುತ್ತಿದ್ದಳು. ನೂಲು ಸುತ್ತುವ ರಾಟೆಯ ಮುಂದೆ ಕೂತರೆ ಕೈ ಅರ್ಧಕ್ಕೇ ನಿಂತುಬಿಡುತ್ತಿತ್ತು. ಸೀರೆ ಸಡಿಲಾಗುತ್ತ ಬಂದಿತ್ತು, ಕುಪ್ಪಸದ ತೋಳು ಜೋಲುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದರು, ಎಲ್ಲ ಸರಿ ಇತ್ತು. ಏನಾಗುತ್ತದೆ ಎಂದು ಕೇಳಿದರೆ ಏನೂ ಇಲ್ಲ ಅನ್ನುತ್ತಿದ್ದಳು. ಬೇಸರ ಅಂತಲೂ ಅನ್ನುತ್ತಿರಲಿಲ್ಲ, ಬೇಸರಪಟ್ಟುಕೊಳ್ಳುವುದಕ್ಕೂ ಒಂದಿಷ್ಟು ಆಸಕ್ತಿ ಬೇಕು. ಅತ್ತೆ ಕಣ್ಣ ಮುಂದೆಯೇ ಕರಗುತ್ತಿದ್ದಾಳೆ, ಹೀಗೇ ಬಿಟ್ಟರೆ ಬರುವ ದೀಪಾವಳಿ ಕಾಣುವುದಿಲ್ಲ ಎಂದು ನೀಲಾಳಿಗೆ ಖಾತ್ರಿಯಾಗಿಹೋಯಿತು.

ಕೇಂದ್ರದ ಮುಖ್ಯಸ್ಥರು ಡಾಕ್ಟರ್ ಮಳಗಿ. ಒಳ್ಳೆಯ ಮನುಷ್ಯ, ಕೆಲಸದಲ್ಲಿ ಮುಳುಗಿದರೆ ಊಟ ಮರೆಯುವವರು. ಆ ಚಟಕ್ಕೆ ಮಾತ್ರ ಅವರು ಕಾಳು ಹಾಕಿಸಿಕೊಂಡಿರಲಿಲ್ಲ. ನೀಲಾ ಹೇಳಿದ್ದನ್ನೆಲ್ಲ ಕೇಳಿ ಅವರು ಕಾಶವ್ವನ ಚುಕ್ಕೆಯನ್ನು ಪರದೆಯ ನಡುವಿಗೆ ತಂದು, ಅದರ ಒಳಗಿನ ಗೆರೆಗಳನ್ನು ಬಿಡಿಸಿದರು.

"ಹಸಿರು ಐತಲ್ರಿ. ನಿದ್ದಿ ಹಸಿರು, ಬಿ.ಪಿ. ಹಸಿರು, ನಡಗಿ ಹಸಿರು. ಇಷ್ಟು ಚಂದ ಗೆರಿ ನಮ್ಮ ಜಿಲ್ಲಾದಾಗ ಇನ್ನೊಂದಿಲ್ಲ."

"ಸರ, ಆಕಿ ಬೈಯೂದ ಬಿಟ್ಟಾಳ್ರಿ."

"ಒಳ್ಳೇದಾತಲ್ರಿ." ಮಳಗಿ ನಕ್ಕರು.

ನೀಲಾ ನಗಲಿಲ್ಲ. "ಆಕಿಗೆ ಏನೂ ಬೇಕಾಗವಲ್ದ್ರಿ ಸರ. ಬೇಕು ಅನ್ನೂದನ್ನ ಅಳಿಯಾಕ ನಮ್ಮ ಪರದೇದಾಗ ಚುಕ್ಕಿನ ಇಲ್ಲ. ನಾವು ತಂಬಾಕಿನ ಆಸೆ ತಗದೇವೋ, ಇನ್ನೇನರ ತಗದೇವೋ, ಅದನ್ನ ನೋಡಬೇಕ್ರಿ."

ಮಳಗಿಯವರ ನಗೆ ಅರ್ಧಕ್ಕೆ ನಿಂತಿತು. ವಯಸ್ಸಾದವರಲ್ಲಿ ಇಂಥ ಮಂಕು ಬರುವುದುಂಟು, ಮನೋವೈದ್ಯರಿಗೆ ತೋರಿಸಿ ಅಂದರು. ನೀಲಾ ತೋರಿಸಿದಳು. ಮಾತ್ರೆ ಕೊಟ್ಟರು, ಕಾಶವ್ವ ಅದನ್ನೂ ಹೇಳಿದ ಹೊತ್ತಿಗೆ ನುಂಗಿದಳು. ಏನೂ ಬದಲಾಗಲಿಲ್ಲ. ಹಿಡಿದ ಕೆಲಸವನ್ನು ನಡುವೆ ಕೈಬಿಡುವವರ ಪೈಕಿ ನೀಲಾ ಅಲ್ಲ. ಅತ್ತೆಯಿಂದ ಏನು ಹೋಗಿದೆ ಎಂದು ತಿಳಿಯುವವರೆಗೆ ಸುಮ್ಮನಿರುವುದಿಲ್ಲ ಎಂದು ತೀರ್ಮಾನಿಸಿ, ನಾಲ್ಕು ದಿನ ರಜೆ ಹಾಕಿ ಮನೆಯಲ್ಲೇ ಕೂತಳು.

ಮೊದಲ ಮಧ್ಯಾಹ್ನವೇ ಕಣ್ಣಿಗೆ ಬಿದ್ದಿತು. ಊಟ ಮುಗಿಸಿ ಕಾಶವ್ವ ಹೊರಗಿನ ಕಟ್ಟೆಯ ಮೇಲೆ ಕೂತಿದ್ದಳು. ಎದುರುಮನೆಯ ತುಳಸವ್ವ ಓಣಿ ದಾಟಿ ಬಂದು ಪಕ್ಕದಲ್ಲಿ ಕೂತಳು. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು. ಆಗಿನಿಂದ ಇವರು ಮಧ್ಯಾಹ್ನ ಕಟ್ಟೆಯ ಮೇಲೆ ಜಗಳವಾಡದ ದಿನ ಓಣಿಯವರಿಗೆ ನೆನಪಿಲ್ಲ. ಈಗ ತುಳಸವ್ವ ಮೊಮ್ಮಗಳ ಬಾಣಂತನದ ಸುದ್ದಿ ಹೇಳಿದಳು, ಬಾವಿ ಹತ್ತಿರದ ಮನೆಯವರ ಪಾಲಿನ ರಂಪ ಹೇಳಿದಳು. ಕಾಶವ್ವ ಆಕೆಯ ಕಡೆ ನೋಡಿದಳು, ಗೋಡೆಯನ್ನು ನೋಡಿದ ಹಾಗೆ. ಒಂದಿಷ್ಟು ಹೊತ್ತಿಗೆ ಎದ್ದು ಒಳಗೆ ಹೋದಳು.

ತುಳಸವ್ವ ಅಲ್ಲೇ ಕೂತಿದ್ದಳು. ನೀಲಾ ಹೋಗಿ ಪಕ್ಕದಲ್ಲಿ ಕೂತಾಗ ಸೆರಗಿನಿಂದ ಮೂಗು ಒರೆಸಿಕೊಂಡಳು.

"ನಾ ಏನ ತಪ್ಪ ಮಾಡೇನಿ ಹೇಳ ನೀಲವ್ವ. ಬೈದ್ರ ಬೈಸ್ಕೋತಿದ್ದೆ. ಆಕಿ ಮಾರಿ ನೋಡಿದ್ರ, ನಾ ಸತ್ತರೂ ಅಳೂದಿಲ್ಲ ಅನಸ್ತೈತಿ."

"ಎಂದಿನಿಂದ ಹಿಂಗ ಆಗೈತ್ರಿ ತುಳಸತ್ತಿ?"

"ನೀ ಆ ಕಾಳ ಹಾಕಿಸಿದ ಮ್ಯಾಲ. ತಂಬಾಕ ಬಿಟ್ಲು, ಚಲೋ ಆತು. ನಾನೂ ಬಿಟ್ಟೆ. ಒಬ್ಬಾಕಿನ ಹಾಕ್ಕೊಂಡ್ರ ರುಚಿನ ಹತ್ತಲಿಲ್ಲ. ಹೆಂಗ ಹತ್ತೀತು, ಸುಣ್ಣ ಕೇಳಾಕ ಆಕಿ ಇಲ್ಲಲ್ಲ."

"ಸುಣ್ಣ ಕೇಳೂದಂದ್ರ?"

ತುಳಸವ್ವ ಆ ನೆನಪಿಗೇ ಒಂದಿಷ್ಟು ಹಗುರಾದಳು. ಇಬ್ಬರೂ ಹೊಸ ಸೊಸೆಯರಾಗಿದ್ದಾಗ ಕದ್ದು ತಂಬಾಕು ಹಾಕುವ ಚಟ ಹತ್ತಿಸಿಕೊಂಡಿದ್ದರು. ಇಬ್ಬರ ಅತ್ತೆಯರೂ ಹುಲಿಗಳು. ಅದಕ್ಕೆ ಇವರೊಂದು ಉಪಾಯ ಹೂಡಿದರು. ತಂಬಾಕು ಕಾಶವ್ವನ ಹತ್ತಿರ, ಸುಣ್ಣದ ಡಬ್ಬಿ ತುಳಸವ್ವನ ಹತ್ತಿರ. ತಂಬಾಕು ಸಿಕ್ಕರೆ ಹಲ್ಲುನೋವಿಗೆ ಅನ್ನಬಹುದು, ಸುಣ್ಣ ಸಿಕ್ಕರೆ ಜೇನುಹುಳ ಕಡಿದದ್ದಕ್ಕೆ ಅನ್ನಬಹುದು. ಎರಡೂ ಒಬ್ಬಳ ಹತ್ತಿರ ಸಿಕ್ಕರೆ ತಾನೆ ಕಳ್ಳತನ. ಅತ್ತೆಯರು ತೀರಿಕೊಂಡರು, ಇವರೇ ಅತ್ತೆಯರಾದರು, ಆದರೂ ಆ ಪದ್ಧತಿ ಹಾಗೇ ಉಳಿಯಿತು. ಕಾಳು ಬರುವ ತನಕ ಇಬ್ಬರೂ ಕೂಡದೆ ಒಬ್ಬಳೂ ಒಂದು ಸಲವೂ ತಂಬಾಕು ಹಾಕಿದ್ದಿಲ್ಲ.

"ನಾ ದಾರಿಗೆ ಇಳಿದದ್ದು ಕಂಡ್ರ ಸಾಕು, 'ಏ ತುಳಸಿ, ಲಗೂನ ಬಾ, ಸುಣ್ಣ ಕೊಡು' ಅಂತ ಒದರ್ತಿದ್ಲು," ಅಂದಳು ತುಳಸವ್ವ.

ನೀಲಾ ಎದ್ದು ನಿಂತಳು. ಕಾಳಿಗೆ ತಂಬಾಕು ಅಂದರೆ ಏನೆಂದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ದವಡೆ ಆಡುವ ಮೊದಲು ಎದ್ದ ಅಲೆ ಮಾತ್ರ. ಗುಟ್ಕಾ ತಿನ್ನುವ ಗಂಡಸಿಗೆ ಆ ಅಲೆ ಏಳುವುದು ಚೀಟಿ ಹರಿಯುವ ಸದ್ದಿಗೆ. ಕಾಶವ್ವನಿಗೆ ಅದು ಪ್ರತಿಸಲವೂ ಎದ್ದಿದ್ದು ತುಳಸವ್ವ ಓಣಿಗೆ ಇಳಿದಾಗ. ಕಲಿಕೆಯ ವಾರಗಳಲ್ಲಿ ಕಾಳು ನಿಷ್ಠೆಯಿಂದ ಕಲಿತದ್ದು ತುಳಸವ್ವನನ್ನು. ಆಮೇಲೆ ದಿನಾ ಮಧ್ಯಾಹ್ನ ಅದು ತಣಿಸುತ್ತಿದ್ದದ್ದೂ ತುಳಸವ್ವನನ್ನೇ. ಕಾಶವ್ವನ ದಿನವೆಲ್ಲ ಆ ಹೊತ್ತಿಗಾಗಿ ಕಾಯುತ್ತಿದ್ದ ದಿನ. ಜಗಳಕ್ಕೆ ಸರಕು ಕೂಡಿಸುವುದು, ಸೊಸೆಯ ಅಡುಗೆಯಲ್ಲಿ ತಪ್ಪು ಹುಡುಕಿ ಗೆಳತಿಗೆ ವರದಿ ಒಪ್ಪಿಸುವುದು, ರಾಟೆ ಬೇಗ ಮುಗಿಸಿ ಕಟ್ಟೆಗೆ ಬರುವುದು, ಎಲ್ಲದರ ಬೇರು ಅಲ್ಲಿತ್ತು. ಆ ಬೇರನ್ನು ತಾನೇ ಕೈಯಾರೆ ತಣ್ಣಗಾಗಿಸಿದೆ ಎಂದು ತಿಳಿದು ನೀಲಾಳಿಗೆ ಅಳು ಬಂತು. ಆದರೆ ಅಳುತ್ತ ಕೂರಲಿಲ್ಲ. ರಜೆ ಮೊಟಕುಗೊಳಿಸಿ ಮರುದಿನವೇ ಬಸ್ಸು ಹತ್ತಿದಳು.

ನಿಯಂತ್ರಣ ಕೋಣೆಯಲ್ಲಿ ಮಳಗಿಯವರು ಕಲಿಕೆಯ ದಿನಗಳ ದಾಖಲೆ ತೆಗೆಸಿ ನೋಡಿದರು. ಕಾಳಿನಲ್ಲಿ ಸುತ್ತಲಿನ ದನಿಯನ್ನು ಗುರುತಿಸುವ ಏರ್ಪಾಡೂ ಇತ್ತು. ಪ್ರತಿ ಅಲೆಯ ಕೆಳಗೂ ಒಂದೇ ಹೆಂಗಸಿನ ದನಿ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ನೀಲಾ ಕೇಳುವ ಮೊದಲೇ, ತೂಕ ಇಳಿದ ಬೇರೆ ಚುಕ್ಕೆಗಳನ್ನೂ ಹುಡುಕಿಸಿದರು. ಹೆಚ್ಚಿನವರು ವಯಸ್ಸಾದ ಹೆಂಗಸರು, ಕಟ್ಟೆಯ ಮೇಲೆ ಜೊತೆಯಾಗಿ ಕೂತು ಎಲೆ ಅಡಿಕೆ ಹಾಕುತ್ತಿದ್ದವರು.

"ನಮಗ ಯಾರಿಗೂ ಹೊಳೀಲಿಲ್ಲ ನೋಡ್ರಿ," ಅಂದರು. "ಚಟ ಅಂದ್ರ ಒಬ್ಬನ ಮನುಷ್ಯಾನ ಒಳಗ ಇರ್ತೈತಿ ಅಂತ ಲೆಕ್ಕ ಹಾಕಿದ್ವಿ."

"ಹಂಗಾದ್ರ ಕಾಳು ಬಂದ್ ಮಾಡೂಣ್ರಿ ಸರ."

"ಬಂದ್ ಮಾಡಿದ್ರ ತಂಬಾಕೂ ವಾಪಸ್ ಬರ್ತೈತಲ್ರಿ. ಮಚ್ಚಿ ಬಗ್ಗೆ ಡಾಕ್ಟರು ಹೇಳಿದ್ದು ಮರ್ತಿರೇನು? ಇನ್ನೊಮ್ಮೆ ಶುರು ಮಾಡಿದ್ರ, ಸಲ ಸಲ ದೇವರು ಕಣ್ಣ ಬಿಡೂದಿಲ್ಲ."

ಬಾಯಿ ಉಳಿದರೆ ಮನಸ್ಸು ಹೋಗುತ್ತದೆ, ಮನಸ್ಸು ಉಳಿಸಿದರೆ ಬಾಯಿ ಹೋಗುತ್ತದೆ. ಎರಡನ್ನೂ ಉಳಿಸುವ ದಾರಿ ಒಂದೇ ಇತ್ತು. ಕಾಳಿಗೆ ಮತ್ತೆ ಕಲಿಸಬೇಕು. ಕೆಲವು ದಿನ ಅದರ ತಣಿಸುವ ಕೆಲಸ ನಿಲ್ಲಿಸಿ ನೋಡುವ ಕೆಲಸ ಮಾತ್ರ ಬಿಡುವುದು. ಬೆಳಿಗ್ಗೆ ಕಾಶವ್ವನ ಮುಂದೆ ತಂಬಾಕು ಇಡುವುದು, ತುಳಸವ್ವ ಇರಬಾರದು. ಮಧ್ಯಾಹ್ನ ತುಳಸವ್ವ ಬರುವುದು, ತಂಬಾಕು ಇರಬಾರದು. ಎರಡು ಅಲೆಗಳು ಬೇರೆ ಬೇರೆಯಾಗಿ ಸಿಕ್ಕರೆ, ತಂಬಾಕಿನದನ್ನು ತಣಿಸಿ ಗೆಳತಿಯದನ್ನು ಬಿಟ್ಟುಬಿಡು ಎಂದು ಕಾಳಿಗೆ ತಿಳಿಸಬಹುದು. ಮಳಗಿ ಒಪ್ಪಿದರು. ಅಷ್ಟೂ ದಿನ ಮುದುಕಿ ಬಾಯಿಗೆ ಒಂದು ಎಸಳೂ ಹಾಕದಂತೆ ನೋಡಿಕೊಳ್ಳುವ ಜವಾಬ್ದಾರಿಯನ್ನು ನೀಲಾ ಮತ್ತೆ ಉದ್ದ ರಜೆ ಹಾಕಿ ಹೊತ್ತಳು.

ಕಾಳಿನ ನಾದ ನಿಲ್ಲಿಸಿದ ಮರುದಿನ ಬೆಳಿಗ್ಗೆ ನೀಲಾ ತಂಬಾಕಿನ ಎಸಳನ್ನು ತಟ್ಟೆಯಲ್ಲಿಟ್ಟು ಅತ್ತೆಯ ಮುಂದೆ ಸರಿಸಿದಳು. ತನ್ನ ಮೊಬೈಲಿನಲ್ಲಿ ಕಾಳು ಹಿಡಿದ ಅಲೆಯ ಗೆರೆ ನೋಡುತ್ತ ಕೂತಳು. ಕಾಶವ್ವ ಎಸಳನ್ನು ನೋಡಿದಳು, ಮೂಸಿದಳು, ತಟ್ಟೆಗೇ ಹಾಕಿದಳು. ಗೆರೆ ನೆಲ ಬಿಟ್ಟು ಏಳಲಿಲ್ಲ.

ಮಧ್ಯಾಹ್ನ ತಂಬಾಕನ್ನು ಪಕ್ಕದ ಓಣಿಗೆ ಸಾಗಿಸಿ ತುಳಸವ್ವನನ್ನು ಕೈ ಮಾಡಿ ಕರೆದಳು. ತುಳಸವ್ವ ಹೊಸ್ತಿಲು ದಾಟಿ ಓಣಿಗೆ ಇಳಿದಳು. ಮೊಬೈಲಿನ ಗೆರೆ ಪರದೆಯ ತುದಿಗೆ ಹೋಗಿ ಬಡಿಯಿತು. ಕಾಶವ್ವನ ಬೆನ್ನು ನೆಟ್ಟಗಾಯಿತು, ಕೈ ತಾನಾಗಿ ಸೊಂಟದ ಸಂಚಿಗೆ ಹೋಯಿತು. ಸಂಚಿ ಇರಲಿಲ್ಲ.

"ಏ ತುಳಸಿ," ಅಂದಳು. ದನಿ ತುಕ್ಕು ಹಿಡಿದ ಹಾಗಿತ್ತು. "ಇಷ್ಟ ದಿನಾ ಎಲ್ಲಿ ಹಾಳಾಗಿ ಹೋಗಿದ್ದಿ?"

ತುಳಸವ್ವ ಓಣಿಯ ನಡುವೆಯೇ ನಿಂತು ಗೊಳೋ ಎಂದು ಅತ್ತಳು. ದಿನಾ ಬಂದು ಕೂತವಳಿಗೆ ಈ ಮಾತು. ಆಮೇಲೆ ಇಬ್ಬರೂ ಮಾತಾಡಿದರು. ಅಂದು ರಾತ್ರಿ ಊಟಕ್ಕೆ ಕೂತಾಗ ಕಾಶವ್ವ ಪಲ್ಯದಲ್ಲಿ ಎಣ್ಣೆ ಹೆಚ್ಚಾಯಿತೆಂದು ಸೊಸೆಯ ತವರುಮನೆಯವರನ್ನೆಲ್ಲ ಜಾಲಾಡಿದಳು. ನೀಲಾ ಒಲೆಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಬೈಗುಳ ಕೇಳಿ ಅಷ್ಟು ಸುಖಪಟ್ಟ ಸೊಸೆ ಆ ಓಣಿಯಲ್ಲಿ ಹಿಂದೆಂದೂ ಇರಲಿಕ್ಕಿಲ್ಲ.

ಸುಖ ಹೆಚ್ಚು ದಿನ ಉಳಿಯಲಿಲ್ಲ. ಬೆಳಿಗ್ಗೆ ತಂಬಾಕು ಇಟ್ಟರೆ ಗೆರೆ ಸಪಾಟು. ಮಧ್ಯಾಹ್ನ ತುಳಸವ್ವ ಬಂದರೆ ಗೆರೆ ಆಕಾಶಕ್ಕೆ, ಜೊತೆಗೇ ಕಾಶವ್ವನ ಬಾಯಲ್ಲಿ ನೀರು, ಕೈಯಲ್ಲಿ ನಡುಕ. ತಂಬಾಕಿನ ಬಯಕೆ ಬರುತ್ತಿದ್ದದ್ದೇ ಗೆಳತಿಯ ಬೆನ್ನಿಗೆ. ಬೇರೆ ಬೇರೆಯಾಗಿ ಹಿಡಿಯುವುದಕ್ಕೆ ಅವು ಎರಡಿರಲೇ ಇಲ್ಲ. ತಂಬಾಕಿನ ಎಲೆ ಬದಲಿಸಿ ನೋಡಿದರು, ಹೊತ್ತು ಬದಲಿಸಿ ನೋಡಿದರು. ಬಾಯಿ ಆಡಲು ಶುರುವಾದ ಮೇಲೆ ತಣಿಸಿದರೆ ಹೇಗೆ ಎಂದು ನೀಲಾ ಕೇಳಿದಳು. ಅಷ್ಟರಲ್ಲಿ ತಂಬಾಕು ಒಳಗೆ ಹೋಗಿ ಚಟ ಮತ್ತೆ ಗಟ್ಟಿಯಾಗಿರುತ್ತದೆ ಅಂದರು ಮಳಗಿ.

"ಯಂತ್ರದ ಕೈಲಿ ಆಗೂದಲ್ಲ ಇದು," ಅಂದರು ಕೊನೆಗೆ. "ಇದ್ರ ಎರಡೂ ಇರಬೇಕು, ಇಲ್ಲಾಂದ್ರ ಎರಡೂ ಇಲ್ಲ. ನಾನು ಆಕಿ ಬಾಯಿ ನೋಡಿದ ಡಾಕ್ಟರ ಮಾತ ಕೇಳಾವ. ನಾದ ಮತ್ತ ಚಾಲೂ ಮಾಡೂದು ಚಲೋ."

"ಅದನ್ನ ನಾವಿಬ್ರು ತೀರ್ಮಾನ ಮಾಡೂದಲ್ರಿ ಸರ," ಅಂದಳು ನೀಲಾ. "ಆಕಿಗೆ ಈಗ ಬೇಕು-ಬ್ಯಾಡ ಅನ್ನೂ ಶಕ್ತಿ ವಾಪಸ್ ಬಂದೈತಿ. ಆಕಿನ್ನ ಕೇಳೂಣು."

ಮನೆಗೆ ಬಂದು ಅತ್ತೆಯ ಎದುರು ನೆಲದ ಮೇಲೆ ಕೂತು ಒಂದನ್ನೂ ಮುಚ್ಚಿಡದೆ ಹೇಳಿದಳು. ಕಾಳು ಏನು ಕಲಿತಿತ್ತು, ಏನನ್ನು ಕಸಿದುಕೊಂಡಿತ್ತು, ಈಗ ಯಾಕೆ ಅದಕ್ಕೆ ದಾರಿ ಕಾಣುತ್ತಿಲ್ಲ, ತೆಗೆಸಿದರೆ ಮಚ್ಚೆಯ ಗಂಡಾಂತರ ಎಂಥದ್ದು, ಎಲ್ಲ. ಕಾಶವ್ವ ರಾಟೆ ನಿಲ್ಲಿಸಿ ಕೇಳಿದಳು. ತಂಬಾಕು ಮುಂದಿಟ್ಟರೆ ಗೆರೆ ಏಳುವುದಿಲ್ಲ, ತುಳಸವ್ವ ಬಂದರೆ ಏಳುತ್ತದೆ ಅಂದಾಗ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು.

"ಅಂದ್ರ ಇಷ್ಟ ವರ್ಷ ನನಗ ಚಟ ಇದ್ದದ್ದು ಆ ರಂಡೀದು ಅನ್ನು."

"ಹೌದ್ರಿ ಅತ್ತಿ."

ನಗೆ ಆರಿತು. ಕಾಶವ್ವ ನೂಲನ್ನು ಬೆರಳಿಗೆ ಸುತ್ತಿಕೊಂಡಳು.

"ನನಗ ಆ ದಿನಗಳು ನೆನಪದಾವ ನೀಲವ್ವ. ಆಕಿ ಬಂದು ಕೂಡ್ತಿದ್ಲು, ನನಗ ಏನೂ ಅನಸ್ತಿರಲಿಲ್ಲ. ನೋವೂ ಇರಲಿಲ್ಲ. ಅದಕ್ಕಿಂತ ಸಾವು ಬ್ಯಾರೆ ಇರ್ತೈತೇನ. ತಗಿ ಅದನ್ನ."

"ತಂಬಾಕ ಬಾಯಿಗೆ ಬಿದ್ರ ಮಚ್ಚಿ ಮತ್ತ ಬರ್ತೈತ್ರಿ. ಆಗ ಯಾರೂ ಏನೂ ಮಾಡಾಕ ಬರೂದಿಲ್ಲ."

"ತಿಳೀತು. ಬಾಯಿನೂ ನಂದು, ತುಳಸಿನೂ ನನ್ನಾಕಿ. ಎರಡನ್ನೂ ನಾನ ಸಂಭಾಳಿಸ್ತೀನಿ."

ಕಾಳು ತೆಗೆದರು. ಹೇಳುವುದು ಸುಲಭವಾಗಿತ್ತು. ತೆಗೆದ ಮೇಲಿನ ಮಧ್ಯಾಹ್ನಗಳನ್ನು ನೀಲಾ ಬಾಗಿಲ ಸಂದಿನಿಂದ ನೋಡಿದಳು, ಒಂದೊಂದೂ ಒಂದೊಂದು ಪರೀಕ್ಷೆ. ತುಳಸವ್ವ ಬರುತ್ತಿದ್ದಂತೆ ಕಾಶವ್ವನ ಹಣೆಯಲ್ಲಿ ಬೆವರು ಒಡೆಯುತ್ತಿತ್ತು. ತಂಬಾಕು ಬೇಡ ಎಂದು ಹೇಳಿಕೊಳ್ಳುವುದಕ್ಕೇ ಅರ್ಧ ಜೀವ ಹೋಗುತ್ತಿತ್ತು, ಉಳಿದ ಅರ್ಧದಲ್ಲಿ ಮಾತು. ಬಾಯಾಡಿಸಲು ನೀಲಾ ಅವಲಕ್ಕಿ ಕೊಟ್ಟಳು, ಬಡೆಸೋಪು ಕೊಟ್ಟಳು, ಲವಂಗ ಕೊಟ್ಟಳು. ಕಾಶವ್ವ ಲವಂಗವನ್ನು ಓಣಿಗೆ ಉಗುಳಿ, ಇದು ಹೆಣದ ಬಾಯಿಗೆ ಹಾಕುವ ಸಾಮಾನು ಅಂದಳು.

ಒಂದು ಮಧ್ಯಾಹ್ನ ಕಾಶವ್ವ ಎಲ್ಲಿಂದಲೋ ಒಂದು ಎಸಳು ತಂಬಾಕು ದೊರಕಿಸಿದ್ದಳು. ತುಳಸವ್ವ ಕೂರುತ್ತಲೇ ಸೆರಗಿನ ಗಂಟು ಬಿಚ್ಚಿ ಅಂಗೈಯಲ್ಲಿಟ್ಟು ತೋರಿಸಿದಳು.

"ಒಂದ ಸಲ. ಸುಣ್ಣ ಕೊಡು."

ತುಳಸವ್ವನ ಸೊಂಟದಲ್ಲಿ ಡಬ್ಬಿ ಇತ್ತು. ಇಷ್ಟು ವರ್ಷದ ರೂಢಿ, ತೆಗೆದಿಟ್ಟಿರಲಿಲ್ಲ. ಬಾಗಿಲ ಹಿಂದಿದ್ದ ನೀಲಾ ಹೊರಗೆ ಓಡಿ ಕಸಿದುಕೊಳ್ಳಬಹುದಿತ್ತು. ಕಾಲು ಮುಂದಿಟ್ಟವಳು, ತಾನು ಕಸಿದರೆ ಅದು ಮತ್ತೊಂದು ಕಾಳಾಗುತ್ತದೆ ಅನ್ನಿಸಿ ಚೌಕಟ್ಟು ಹಿಡಿದು ನಿಂತಳು.

"ಕೊಡೂದಿಲ್ಲ," ಅಂದಳು ತುಳಸವ್ವ.

"ತುಳಸಿ, ನನ್ನ ಜೀವ ಹೊಂಟೈತಿ."

"ಹೋಗೂದಿಲ್ಲ. ಕೊಟ್ರ ಹೋಗ್ತೈತಿ."

ಕಾಶವ್ವ ಬಾಯಿಗೆ ಬಂದದ್ದೆಲ್ಲ ಅಂದಳು. ತುಳಸವ್ವನ ರೂಪಕ್ಕೆ ಅಂದಳು, ಕುಲಕ್ಕೆ ಅಂದಳು. ಕೊನೆಗೆ, ತೊಟ್ಟಿಲಲ್ಲೇ ತೀರಿಕೊಂಡ ಆಕೆಯ ಚೊಚ್ಚಲ ಕೂಸಿನ ಬಗ್ಗೆ ಆಡಬಾರದ ಮಾತೊಂದನ್ನು ಆಡಿಬಿಟ್ಟಳು. ತುಳಸವ್ವ ಎದ್ದಳು. ತಂಬಾಕನ್ನು ಗೆಳತಿಯ ಅಂಗೈಯಿಂದ ತೆಗೆದು ಗಟಾರಕ್ಕೆ ಎಸೆದಳು, ಓಣಿ ದಾಟಿ ಹೋಗಿ ಬಾಗಿಲು ಹಾಕಿಕೊಂಡಳು. ಕಾಶವ್ವನೂ ಒಳಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಊಟಕ್ಕೂ ಏಳಲಿಲ್ಲ.

ಮಳಗಿಯವರ ಫೋನು ಬಂತು. ನೀಲಾ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು.

"ಸಾಕ್ರಿ ನೀಲಾಂಬಿಕಾ. ಆಕಿನ್ನ ನಾಳೆ ಕರ್ಕೊಂಡು ಬರ್ರಿ, ಕಾಳು ಹಾಕಿಬಿಡೂಣು. ಜೀವ ಉಳೀಲಿ ಮೊದಲ."

"ಇಲ್ರಿ ಸರ. ಆಕಿ ತಗಿ ಅಂದಾಳ, ತಗದೇವಿ. ಹಾಕು ಅಂತ ಆಕಿನ ಅನ್ನೂತನಕ ನಾ ಕರ್ಕೊಂಡು ಬರೂದಿಲ್ಲ."

ತಾನು ಹಟ ಹಿಡಿದು ಅತ್ತೆಯನ್ನು ಕೊಲ್ಲುತ್ತಿದ್ದೇನೋ ಎಂಬ ಹೆದರಿಕೆ ಅವಳನ್ನು ನಿದ್ದೆ ಮಾಡಗೊಡಲಿಲ್ಲ.

ಮರುದಿನ ಮಧ್ಯಾಹ್ನ ಕಾಶವ್ವ ಕಟ್ಟೆಯ ಮೇಲೆ ಕೂತಳು. ಎದುರಿನ ಬಾಗಿಲು ತೆರೆಯಲಿಲ್ಲ. ಓಣಿಯಲ್ಲಿ ಮಗ್ಗಗಳ ಸದ್ದು ಊಟದ ಹೊತ್ತಿಗೆ ನಿಂತು, ಮತ್ತೆ ಶುರುವಾಯಿತು. ಬಾಗಿಲು ತೆರೆಯಲಿಲ್ಲ. ಗೆಳತಿ ಕಾಣದಿದ್ದರೆ ಬಯಕೆಯೂ ಏಳುವುದಿಲ್ಲ, ಕಾಶವ್ವ ಎದ್ದು ಒಳಗೆ ಬಂದರೆ ಅವಳ ಬಾಯಿ ಈ ಜನ್ಮಕ್ಕೆ ಕ್ಷೇಮ ಎಂದು ನೀಲಾಳಿಗೆ ಗೊತ್ತಿತ್ತು. ಕಾಶವ್ವನಿಗೂ ಗೊತ್ತಿತ್ತು, ಇದನ್ನು ಸೊಸೆಯೇ ತಿಳಿಸಿ ಹೇಳಿದ್ದಳಲ್ಲ.

ಕಾಶವ್ವ ಎದ್ದಳು. ಒಳಗೆ ಬರಲಿಲ್ಲ. ಸೆರಗು ತಲೆಯ ಮೇಲೆ ಎಳೆದುಕೊಂಡು ಓಣಿಗೆ ಇಳಿದಳು. ಎದುರು ಮನೆಯ ಮೆಟ್ಟಿಲ ಮೇಲೆ ಕೂತು, ಬಾಗಿಲಿಗೆ ಬೆನ್ನು ಕೊಟ್ಟು, ಬಾಗಿಲನ್ನು ಮೊಣಕೈಯಿಂದ ಬಡಿದಳು.

"ತುಳಸಿ."

ಮತ್ತೊಮ್ಮೆ ಬಡಿದಳು.

"ನಿನ್ನ ಕೂಸಿನ ಮಾತ ಆಡಬಾರದಿತ್ತು. ನನ್ನ ನಾಲಗಿ ಸುಡಲಿ."

ಚಿಲಕ ಸರಿಯಿತು. ತುಳಸವ್ವ ಬಾಗಿಲಲ್ಲಿ ನಿಂತಳು, ಕಣ್ಣು ಊದಿದ್ದವು. ಹಿಂದಿರುಗಿ ನೋಡಿ ಅವಳ ಮುಖ ಕಂಡದ್ದೇ ತಡ, ಕಾಶವ್ವನ ಕೈಗಳು ತೊಡೆಯ ಮೇಲೆ ಕುಣಿಯತೊಡಗಿದವು. ತಮ್ಮ ಮನೆಯ ಬಾಗಿಲಿನಿಂದ ನೋಡುತ್ತಿದ್ದ ನೀಲಾಳಿಗೂ ಅದು ಕಂಡಿತು. ಅಳೆಯುವುದಕ್ಕೆ ಈಗ ಗೆರೆಯ ಅಗತ್ಯ ಇರಲಿಲ್ಲ.

"ಯಾಕ ಬಂದಿ?" ಅಂದಳು ತುಳಸವ್ವ. "ಸುಣ್ಣ ಕೇಳಾಕ?"

"ಕೇಳೂದಿಲ್ಲ. ಆಸಿ ಆಗೈತಿ, ಭಾಳ ಆಗೈತಿ. ನಿನ್ನ ಮಾರಿ ನೋಡಿದ್ರ ಇನ್ನಷ್ಟ ಆಗ್ತೈತಿ. ಆದ್ರೂ ಇಲ್ಲೇ ಕುಂಡ್ರಾಕಿ ನಾನು. ಇಂದೂ ಕೂಡ್ತೀನಿ, ನಾಳೆನೂ ಬಂದು ಕೂಡ್ತೀನಿ. ನೀ ಒಲ್ಲೆ ಅಂದ್ರೂ ಕೂಡ್ತೀನಿ."

ತುಳಸವ್ವ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಪಕ್ಕದಲ್ಲಿ ಕೂತು, ಕುಣಿಯುತ್ತಿದ್ದ ಆ ಎರಡು ಕೈಗಳನ್ನೂ ಎಳೆದು ತನ್ನ ಮಡಿಲಲ್ಲಿಟ್ಟು ಮೇಲೆ ತನ್ನ ಕೈ ಒತ್ತಿ ಹಿಡಿದಳು. ಸರಿದು ಕೂಡು, ಮೈ ಎಲ್ಲಾ ಬೆವರು ನಾರ್ತೈತಿ ಎಂದು ಕಾಶವ್ವ ಗದರಿದಳು. ತುಳಸವ್ವ ಸರಿಯಲಿಲ್ಲ.